ಬಳೆಗೆ ಮಡಿಚಿದ ಕೈ

ಕಲಬುರಗಿ
12 ಫೆಬ್ರುವರಿ 2025

ನಾಗೂ,

ಕವರಿನ ಮೇಲಿನ ಅಕ್ಷರ ನೋಡಿಯೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಒಲೆಗೆ ಹಾಕುವ ಮೊದಲು ಒಂದು ಸಲ ಓದು. ಹದಿನೇಳು ದಿನದಿಂದ ಫೋನ್ ಮಾಡುತ್ತಿದ್ದೇನೆ. ಮೊದಲ ಮೂರು ದಿನ ಗಂಟೆಯಾದರೂ ಬಾರಿಸುತ್ತಿತ್ತು, ಆಮೇಲೆ ಅದೂ ನಿಂತಿತು. ಕಾಗದ ಬ್ಲಾಕ್ ಮಾಡುವ ಸೌಲಭ್ಯವನ್ನು ಪೋಸ್ಟಿನವರು ಇನ್ನೂ ಕೊಟ್ಟಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸೌಂದರ್ಯಾಳ ಕೈ ಗಾಯ ಮಾಯಿತೇ? ಇದನ್ನು ಕೇಳದೆ ಮುಂದಿನ ಮಾತು ಬರೆಯಲಾರೆ.

ನಿನ್ನ ಮಗಳು ಬಸುರಿಯಾದರೆ ಅವಳ ಕುಬಸಕ್ಕೆ ಬಳೆ ಇಡಿಸಲು ಬೇರೆ ಯಾರನ್ನೂ ಕರೆಯುವುದಿಲ್ಲ ಎಂದು ನೀನು ಅವಳ ಮದುವೆಯಲ್ಲೇ ಹೇಳಿದ್ದೆ. ನಮ್ಮ ಅಬ್ಬಾ ಕರೀಂಸಾಬ್ ಹೆಗಲಿಗೆ ಬಳೆಯ ಮಲಾರ ಹಾಕಿಕೊಂಡು ಕಮಲಾಪುರದ ಓಣಿ ಓಣಿ ತಿರುಗುವಾಗ ನಿನ್ನ ಅವ್ವನಿಗೂ ಅವರೇ ಕುಬಸದ ಬಳೆ ಇಡಿಸಿದ್ದರು, ನಿನಗೆ ನಾನು ಇಡಿಸಿದೆ. ಆ ಭಾನುವಾರ ಬೆಳಿಗ್ಗೆ ಆರರ ಬಸ್ಸಿಗೆ ಹೊರಟು ಬಂದೆ. ಸೌಂದರ್ಯಾಳ ಬಲಗೈಗೆ ಹನ್ನೊಂದು ಹಸಿರು ಬಳೆ, ಎಡಗೈಗೆ ಹನ್ನೊಂದು. ಒಂದು ಕೈಗೆ ಒಂದು ಹೆಚ್ಚಿಗೆ ಇರಬೇಕಲ್ಲ, ಆ ಹೆಚ್ಚಿನದನ್ನು ಏರಿಸುತ್ತಿದ್ದೆ. ಅಷ್ಟರಲ್ಲಿ ನನ್ನ ಕೈ ಸೆಟೆದುಕೊಂಡಿತು. ಅವಳ ಬೆರಳು ನನ್ನ ಹಿಡಿಯಲ್ಲಿ ಸಿಕ್ಕವು, ಬಳೆ ಒಡೆದು ಅವಳಿಗೇ ಚುಚ್ಚಿತು. ಅವಳು ಅಳುತ್ತಿದ್ದಳು, ನನಗೆ ಬಿಡಲು ಬರಲಿಲ್ಲ. ನಿನ್ನ ಅತ್ತೆ ಅಂಬಮ್ಮನವರು ಮತ್ತು ಇನ್ನಿಬ್ಬರು ಸೇರಿ ನನ್ನ ಬೆರಳು ಒಂದೊಂದೇ ಬಿಡಿಸಿದರು. ಮೈಮ್ಯಾಲ ಏನೋ ಬಂದದ ಎಂದು ಹಿಂದಿನಿಂದ ಯಾರೋ ಅಂದರು. ಅದೆಲ್ಲ ಇರಲಿ.

ನೀನು ಕೇಳಿದೆಯಲ್ಲ, "ಅಮೀನಾ, ನಿನ್ನ ಮನಸ್ಸಿನಾಗ ಏನಿತ್ತು?" ಅಂತ. ನನಗೆ ಮಕ್ಕಳಿಲ್ಲ. ನೀನು ಕೇಳಿದ್ದರ ಅರ್ಥ ಆ ಪಡಸಾಲೆಯಲ್ಲಿದ್ದ ನಲವತ್ತು ಹೆಂಗಸರಿಗೂ ಆಯಿತು, ನನಗೂ ಆಯಿತು.

ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ ನಾಗೂ, ನನ್ನ ರಕ್ತದಲ್ಲಿ ಏನೋ ಇರಲಿಲ್ಲ. ಎರಡು ವರ್ಷದ ಹಿಂದೆ ನನ್ನ ಗಂಟಲಿನ ಗಡ್ಡೆ ತೆಗೆಸಿದ್ದು ನಿನಗೆ ಗೊತ್ತು. ಥೈರಾಯ್ಡ್ ಹಿಂದೆ ಅಕ್ಕಿಕಾಳಿನಷ್ಟು ನಾಲ್ಕು ಗ್ರಂಥಿ ಇರುತ್ತವೆ, ಪ್ಯಾರಾಥೈರಾಯ್ಡ್ ಅನ್ನುತ್ತಾರೆ. ಗಡ್ಡೆಗೆ ಅಂಟಿಕೊಂಡಿದ್ದರೆ ಅವೂ ಹೋಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ನನ್ನವು ಹೋದವು. ರಕ್ತದಲ್ಲಿ ಕ್ಯಾಲ್ಸಿಯಂ ಹಿಡಿದಿಡುವುದು ಅವುಗಳ ಕೆಲಸವಂತೆ. ಈಗ ಆ ಕೆಲಸವನ್ನು ದಿನಕ್ಕೆ ಹನ್ನೊಂದು ಗುಳಿಗೆ ಮಾಡಬೇಕು. ಒಂದು ಹೊತ್ತು ತಪ್ಪಿದರೆ ಮೊದಲು ತುಟಿಯ ಸುತ್ತ ಇರುವೆ ಹರಿದಂತಾಗುತ್ತದೆ, ಆಮೇಲೆ ಬೆರಳಿನ ತುದಿ, ಆಮೇಲೆ ಕೈ ತನ್ನಷ್ಟಕ್ಕೆ ತಾನೇ ಹಿಡಿದುಕೊಳ್ಳುತ್ತದೆ.

ಆವತ್ತು ನಾನು ಒಂದಲ್ಲ, ಎರಡು ಹೊತ್ತು ತಪ್ಪಿಸಿದ್ದೆ. ಗುಳಿಗೆ ಚೀಲದಲ್ಲೇ ಇದ್ದವು. ಅಷ್ಟು ಹೆಂಗಸರ ನಡುವೆ ತೆಗೆದರೆ ಏನು ಬ್ಯಾನಿ ಎಂದು ಕೇಳುತ್ತಾರೆ, ಬ್ಯಾನಿ ಇದ್ದವಳ ಕೈಯಿಂದ ಬಸುರಿಗೆ ಬಳೆ ಯಾಕೆ ಎನ್ನುತ್ತಾರೆ ಎಂದು ಅಂಜಿದೆ. ಬಳೆ ಇಡಿಸುವವರ ಕೈಗುಣ ನೋಡುವ ಜನ ನಾವು. ಕೈಗುಣ ಉಳಿಸಿಕೊಳ್ಳಲು ಹೋಗಿ ಕೈಯನ್ನೇ ಕಳೆದುಕೊಂಡೆ. ತಪ್ಪು ನನ್ನದು. ಆದರೆ ನೀನು ಕೇಳಿದ ತಪ್ಪು ನನ್ನದಲ್ಲ.

ಇದನ್ನು ನಂಬಿದೆ ಎಂದು ಒಂದು ಸಾಲು ಬರೆ. ಬೇರೇನೂ ಬೇಡ.

ನಿನ್ನ ಅಮೀನಾ


ಕಲಬುರಗಿ
18 ಮಾರ್ಚ್ 2025

ನಾಗೂ,

ನಿನ್ನಿಂದ ಸಾಲು ಬರಲಿಲ್ಲ. ಪೋಸ್ಟ್‌ಮನ್ ಜಾವೀದ್ ಈಗ ನಮ್ಮ ಅಂಗಡಿ ಮುಂದೆ ಸೈಕಲ್ಲು ಜೋರಾಗಿ ಹೊಡೆಯುತ್ತಾನೆ. ಇಲ್ಲ ಎಂದು ದಿನಾ ಹೇಳುವುದು ಅವನಿಗೂ ಬೇಸರ.

ರಮಜಾನ್ ನಡೆದಿದೆ. ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲ, ಬಳೆಯ ಸುಗ್ಗಿ. ಈ ಸಲವೂ ನನಗೆ ರೋಜಾ ಇಲ್ಲ. ಹೊತ್ತು ಹೊತ್ತಿಗೆ ಅನ್ನದ ಜೊತೆ ಗುಳಿಗೆ ಬೀಳಲೇಬೇಕು, ಉಪವಾಸ ಮಾಡಬೇಡಿ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದಾರೆ. ಬ್ಯಾನಿ ಇದ್ದವರಿಗೆ ನಮ್ಮ ಧರ್ಮದಲ್ಲೂ ಮಾಫಿ ಇದೆ. ಮಾಫಿ ಇದೆ ಎಂದು ನನಗೆ ಗೊತ್ತು, ದೇವರಿಗೂ ಗೊತ್ತು, ಎದುರಿನ ಅಂಗಡಿಯವರಿಗೆ ಗೊತ್ತಿಲ್ಲ. ಮಧ್ಯಾಹ್ನ ಡಬ್ಬಿಗಳ ಹಿಂದೆ ಪರದೆ ಎಳೆದುಕೊಂಡು ಮೊಸರನ್ನ ಉಣ್ಣುತ್ತೇನೆ. ಗುಳಿಗೆ ದೊಡ್ಡವು, ಅಗಿದು ನುಂಗಬೇಕು, ಹಲ್ಲಲ್ಲಿ ಸೀಮೆಸುಣ್ಣ ಅಗಿದಂತೆ ಸದ್ದಾಗುತ್ತದೆ. ಮೊನ್ನೆ ಗಿರಾಕಿಯೊಬ್ಬಳು ಪರದೆ ಸರಿಸಿ ನೋಡಿದಳು. ಬಳೆ ತೆಗೆದುಕೊಳ್ಳದೆ ಹೋದಳು. ಸಂಜೆ ಎಲ್ಲರ ಜೊತೆ ಇಫ್ತಾರಿಗೆ ಕೂತಾಗ ಖರ್ಜೂರ ಕೈಯಲ್ಲಿ ಹಿಡಿಯಲೂ ನಾಚಿಕೆಯಾಗುತ್ತದೆ.

ನನ್ನ ದಿನ ಹೇಗೆ ಹೋಗುತ್ತದೆ ಗೊತ್ತೇ? ಬೆಳಿಗ್ಗೆ ಎದ್ದಕೂಡಲೇ ಥೈರಾಯ್ಡ್ ಗುಳಿಗೆ, ಖಾಲಿ ಹೊಟ್ಟೆಗೆ. ಅದಕ್ಕೂ ಕ್ಯಾಲ್ಸಿಯಮ್ಮಿಗೂ ಅತ್ತೆ ಸೊಸೆಯ ಸಂಬಂಧ, ನಡುವೆ ನಾಲ್ಕು ತಾಸು ದೂರ ಇಡಬೇಕು. ಕ್ಯಾಲ್ಸಿಯಂ ಕಡಿಮೆಯಾದರೆ ಕೈ ಹಿಡಿಯುತ್ತದೆ, ಹೆಚ್ಚಾದರೆ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ. ತಿಂಗಳಿಗೊಮ್ಮೆ ರಕ್ತ ಕೊಟ್ಟು ಬರುತ್ತೇನೆ. ರಿಪೋರ್ಟಿನಲ್ಲಿ ಎಂಟೂವರೆ ಬಂದರೆ ನಾನು ನಾನೇ. ಏಳು ಬಂದರೆ ಅಂಗಡಿಯಲ್ಲಿ ಕೂತಲ್ಲೇ ಕಾರಣವಿಲ್ಲದೆ ಅಳು ಬರುತ್ತದೆ, ಬಾಗಿಲ ಸದ್ದಿಗೂ ಎದೆ ಹೊಡೆದುಕೊಳ್ಳುತ್ತದೆ. ಪಕ್ಕದ ಮನೆಯವಳು ಎಲೆಗೆ ಸುಣ್ಣ ಜಾಸ್ತಿ ಹಚ್ಚಿ ತಿನ್ನು, ಗುಳಿಗೆ ಯಾಕೆ ಅಂದಳು. ಅವಳ ಮಾತು ಕೇಳಿದ್ದರೆ ಬಾಯಿ ಸುಡುತ್ತಿತ್ತು, ಕೈ ಹಾಗೇ ಇರುತ್ತಿತ್ತು.

ನೋಡಲು ನಾನು ಗುಂಡುಕಲ್ಲಿನಂತೆ ಇದ್ದೇನೆ. ಕಾಲು ಮುರಿದಿದ್ದರೆ ಪಟ್ಟಿಯಾದರೂ ಕಾಣುತ್ತಿತ್ತು. ಏನಾಗ್ಯಾದ ನಿನಗ, ಆರಾಮ ಇದ್ದೀಯಲ್ಲ ಎಂದು ಕೇಳಿದವರಿಗೆ ಹೌದು, ಆರಾಮ ಎಂದು ಹೇಳಿ ಹೇಳಿ ಸಾಕಾಗಿದೆ.

ಸೌಂದರ್ಯಾಳಿಗೆ ದಿನ ತುಂಬುತ್ತ ಬಂದಿರಬೇಕು. ಐದು ಹೊತ್ತೂ ಅವಳ ಹೆಸರು ಹೇಳಿ ದುವಾ ಮಾಡುತ್ತೇನೆ. ನಿನಗೆ ಬೇಡವಾದರೂ ಮಾಡುತ್ತೇನೆ.

ಅಮೀನಾ


ಕಮಲಾಪುರ
2 ಮೇ 2025

ಅಮೀನಾಗೆ,

ಎರಡೂ ಕಾಗದ ಮುಟ್ಟಿವೆ. ಏಪ್ರಿಲ್ ಹತ್ತೊಂಬತ್ತಕ್ಕೆ ಸೌಂದರ್ಯಾಳಿಗೆ ಹೆಣ್ಣು ಕೂಸು ಹುಟ್ಟಿದೆ. ಇಬ್ಬರೂ ಆರಾಮ. ಅವಳ ಕೈ ಗಾಯ ಮಾಯ್ದಿದೆ, ಗೆರೆ ಉಳಿದಿದೆ.

ಮನೆಯಲ್ಲಿ ಅತ್ತೆ ಇದ್ದಾರೆ, ಬಂದುಹೋಗುವ ಜನ ಇದ್ದಾರೆ. ಸದ್ಯ ಬರೆಯಬೇಡ.

ನಾಗರತ್ನಾ


ಕಲಬುರಗಿ
24 ಮೇ 2025

ನಾಗೂ,

ಬರೆಯಬೇಡ ಅಂದೆ. ಇಪ್ಪತ್ತೆರಡು ದಿನ ಬರೆಯಲಿಲ್ಲ. ಇದಕ್ಕಿಂತ ಹೆಚ್ಚು ನನ್ನಿಂದಾಗುವುದಿಲ್ಲ.

ಹೆಣ್ಣು ಕೂಸು ಎಂದು ಓದಿ ಅಂಗಡಿಯಲ್ಲಿ ಎದುರಿಗೆ ಕೂತಿದ್ದ ಗಿರಾಕಿಗೆ ಸಕ್ಕರೆ ಕೊಟ್ಟೆ. ಆಮೇಲೆ ಕೂಸಿನ ಕೈಗೆ ಎಂದು ಕರಿಬಳೆ ಆರಿಸಿ ಕಾಗದದಲ್ಲಿ ಸುತ್ತಿಟ್ಟೆ. ಎಲ್ಲಿ ಇಟ್ಟೆನೆಂದು ಈಗ ನೆನಪಿಲ್ಲ. ಇದೂ ಈ ಬ್ಯಾನಿಯದೇ ಕೆಲಸ, ತಲೆಯೊಳಗೆ ಮಂಜು ಕವಿದಂತಿರುತ್ತದೆ. ಓಣಿಯ ತುದಿಯಲ್ಲಿ ಬರುವ ಹೆಂಗಸಿನ ಮುಂಗೈ ನೋಡಿ ಎರಡು-ನಾಲ್ಕೋ ಎರಡು-ಆರೋ ಎಂದು ಅಳತೆ ಹೇಳುತ್ತಿದ್ದವಳು ನಾನು. ನಿನ್ನೆ ಕೈಯಲ್ಲಿ ಬಳೆ ಹಿಡಿದುಕೊಂಡೇ ಅಳತೆ ಮರೆತು ನಿಂತೆ.

ಗಾಜಿನ ಬಳೆ ಇಡಿಸುವುದನ್ನು ನಿಲ್ಲಿಸಿದ್ದೇನೆ. ಕುಬಸದ ಸುದ್ದಿ ಇಲ್ಲಿಗೂ ಬಂದಿದೆ, ಯಾರೂ ಕೈ ಮುಂದೆ ಚಾಚುವುದೂ ಇಲ್ಲ. ಅವರೇ ಹಾಕಿಕೊಳ್ಳುವ ಲೋಹದ ಬಳೆ ಮಾರುತ್ತೇನೆ, ಡಬ್ಬಿ ಎತ್ತಿ ಕೊಡುವುದಷ್ಟೇ ಕೆಲಸ. ಇಪ್ಪತ್ತೈದು ವರ್ಷ ಹೆಂಗಸರ ಕೈ ಹಿಡಿದು ಬದುಕಿದವಳಿಗೆ ದಿನಪೂರ್ತಿ ಒಂದು ಕೈಯೂ ಸಿಗುವುದಿಲ್ಲ. ಕೈ ಹಿಡಿದರೆ ಹೆಂಗಸರು ಏನೇನು ಹೇಳಿಕೊಳ್ಳುತ್ತಿದ್ದರು ನಾಗೂ. ಗಂಡ ಹೊಡೆದದ್ದು, ಮಗಳಿಗೆ ನೌಕರಿ ಸಿಕ್ಕಿದ್ದು, ಎಲ್ಲ.

ಬಿಸಿಲು ನಲವತ್ಮೂರು ದಾಟಿದೆ. ನಿನ್ನೆ ಮಧ್ಯಾಹ್ನ ಮತ್ತೆ ಕೈ ಹಿಡಿಯಿತು. ಅಂಗಡಿಯಲ್ಲಿ ಯಾರೂ ಇರಲಿಲ್ಲ, ಅದಕ್ಕೇ ಅದನ್ನು ಸರಿಯಾಗಿ ನೋಡಿದೆ. ಹೆಬ್ಬೆರಳು ಅಂಗೈಯೊಳಗೆ, ನಾಲ್ಕು ಬೆರಳು ನೆಟ್ಟಗೆ ಒಂದಕ್ಕೊಂದು ಕೂಡಿ, ತುದಿ ಚೂಪಾಗಿ. ಎಲ್ಲೋ ಕಂಡಿದ್ದೇನಲ್ಲ ಅಂದುಕೊಂಡೆ. ಬಳೆ ಇಡಿಸಿಕೊಳ್ಳುವ ಕೈ ಅದು. "ಹೆಬ್ಬೆರಳು ಒಳಗ ತಗೋರಿ, ಬೆರಳು ಕೂಡಸ್ರಿ" ಎಂದು ಸಾವಿರಾರು ಹೆಂಗಸರಿಗೆ ಹೇಳಿದ್ದೇನೆ. ಈಗ ಯಾರೂ ಹೇಳದಿದ್ದರೂ ನನ್ನ ಕೈ ಹಾಗೆ ಮಡಿಚಿಕೊಂಡು ಕಾಯುತ್ತದೆ. ಇಡಿಸುವವರು ಯಾರು? ಆಪರೇಷನ್ನಿನ ದಿನ ಆಸ್ಪತ್ರೆಯಲ್ಲಿ ಬಳೆ ತೆಗೆಸಿದರು, ಆಮೇಲೆ ನಾನು ಹಾಕಿಕೊಂಡಿಲ್ಲ. ಬಳೆಗಾರ್ತಿಯ ಕೈ ಬೋಳು.

ನನ್ನ ಮನೆಯವರು, ಬುರ್ಹಾನುದ್ದೀನ್, ಒಳ್ಳೆಯವರು. ಗುಳಿಗೆ ಮುಗಿಯುವ ಮೊದಲೇ ತಂದಿಡುತ್ತಾರೆ. ಆದರೆ ಎರಡು ವರ್ಷದಿಂದ ಅವರು ನನ್ನ ಜೊತೆ ಆಡುವ ಮಾತು ಒಂದೇ, "ಗೋಲಿ ಖಾಯೇ?" ಗುಳಿಗೆ ತಿಂದೆಯಾ ಎಂದು. ಬಾಗಿಲು ತೆಗೆಯುತ್ತ ಅದೇ, ದೀಪ ಆರಿಸುತ್ತ ಅದೇ. ನನ್ನನ್ನು ಬದುಕಿಸಲು ಕೇಳುತ್ತಾರೆಂದು ಗೊತ್ತು. ಆದರೂ ಬೇರೆ ಏನಾದರೂ ಕೇಳಲಿ ಎಂದು ಆಸೆಯಾಗುತ್ತದೆ. ನೀನಾದರೆ ಬೈಯುತ್ತಿದ್ದೆ. ಬೈಗುಳವಾದರೂ ಬೇಕಾಗಿದೆ ನನಗೆ.

ಅಮೀನಾ


ಕಲಬುರಗಿ
3 ಜುಲೈ 2025

ನಾಗೂ,

ನಿನ್ನ ಯಜಮಾನರು ಯಶವಂತ ನಿನ್ನೆ ಅಂಗಡಿಗೆ ಬಂದಿದ್ದರು. ನಿಮ್ಮ ತೋಟದ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ಕಟ್ಟೆಯ ಮೇಲಿಟ್ಟು, "ಕೊಟ್ಟು ಬಾ ಅಂದಾಳ" ಎಂದರು. ಕಾಗದ ಏನಾದರೂ ಇದೆಯೇ ಎಂದು ಕೇಳಿದೆ. ಇಲ್ಲ ಎಂದು ತಲೆ ಅಲ್ಲಾಡಿಸಿ ಚಹಾ ಕೂಡ ಕುಡಿಯದೆ ಹೋದರು.

ಹದಿನಾಲ್ಕು ಹಣ್ಣಿದ್ದವು. ಇದು ಕ್ಷಮೆಯೋ, ಕರುಣೆಯೋ, ತೋಟದಲ್ಲಿ ಹಣ್ಣು ಹೆಚ್ಚಾಗಿತ್ತೋ? ದಿನಕ್ಕೊಂದು ತಿನ್ನುತ್ತೇನೆ, ಸಂಜೆ ಗುಳಿಗೆಯ ಜೊತೆ. ಹಣ್ಣು ಮುಗಿಯುವುದರೊಳಗೆ ನಿನ್ನ ಕಾಗದ ಬಂದರೆ ಚೆನ್ನ.

ಅಮೀನಾ


ಕಮಲಾಪುರ
14 ಸೆಪ್ಟೆಂಬರ್ 2025

ಅಮೀನಾ,

ಹಣ್ಣು ಮುಗಿದು ಎರಡು ತಿಂಗಳಾಯಿತು. ನನಗೆ ಗೊತ್ತು.

ನನಗೆ ನಿನ್ನಂತೆ ಬರೆಯಲು ಬರುವುದಿಲ್ಲ. ಶಾಲೆಯಲ್ಲೂ ನನ್ನ ನಿಬಂಧ ನೀನೇ ಬರೆದುಕೊಡುತ್ತಿದ್ದೆ. ಈ ಕಾಗದವನ್ನು ನೀನು ಬರೆದುಕೊಡುವಂತಿಲ್ಲ, ಅದಕ್ಕೇ ಇಷ್ಟು ದಿನ ಹಿಡಿಯಿತು.

ಸೌಂದರ್ಯಾಳ ಹೆರಿಗೆ ಕಲಬುರಗಿಯಲ್ಲೇ ಆಯಿತು. ನೋವು ಶುರುವಾಗಿ ಒಂಬತ್ತು ತಾಸು ನಾನು ಅವಳ ಪಕ್ಕದಲ್ಲೇ ಇದ್ದೆ. ಕೊನೆಗೆ ಅವಳು ಹುಚ್ಚುಹುಚ್ಚಾಗಿ ಉಸಿರು ಬಿಡುತ್ತ ನನ್ನ ಕೈ ಹಿಡಿದಳು. ಹಿಡಿದ ಕೈ ಬಿಡಲಿಲ್ಲ. ಹೆಬ್ಬೆರಳು ಒಳಗೆ, ಬೆರಳು ನೆಟ್ಟಗೆ, ಕಟ್ಟಿಗೆಯಂತೆ. ನನ್ನ ಬೆರಳು ಮುರಿಯುತ್ತದೆ ಎಂದುಕೊಂಡೆ. ಅವ್ವಾ, ಬಿಡಾಕ ಬರವಲ್ದು ಎಂದು ಅವಳೇ ಅತ್ತಳು. ನರ್ಸಬಾಯಿ ಬಂದು ನೋಡಿ ಹೇಳಿದಳು, "ಭಾಳ ಉಸುರು ಬಿಟ್ಟರ ಹಿಂಗಾಗ್ತದರೀ, ರಕ್ತದಾಗಿನ ಕ್ಯಾಲ್ಸಿಯಂ ಏರುಪೇರು ಆಗಿ ಕೈ ಹಿಡೀತದ. ಆಕಿ ಬೇಕಂತ ಮಾಡಾಕತ್ತಿಲ್ಲ."

ಬೇಕಂತ ಮಾಡಾಕತ್ತಿಲ್ಲ. ಆ ಹೊತ್ತಿಗೆ ನಿನ್ನ ಎರಡು ಕಾಗದ ನನ್ನ ಟ್ರಂಕಿನಲ್ಲಿದ್ದವು. ನನ್ನ ಮಗಳ ಮನಸ್ಸಿನಲ್ಲಿ ಏನಿತ್ತು ಎಂದು ನಾನು ಕೇಳಲಿಲ್ಲ.

ಆವತ್ತೇ ನನಗೆ ತಿಳಿಯಿತು ಅಮೀನಾ. ಏಪ್ರಿಲ್ ಹತ್ತೊಂಬತ್ತಕ್ಕೇ. ಮಾರನೆಯ ದಿನ ಸಂಜೆ ಕೂಸಿಗೆ ಬಟ್ಟೆ ತರುವ ನೆಪ ಮಾಡಿ ಸೂಪರ್ ಮಾರ್ಕೆಟ್ಟಿಗೆ ಬಂದೆ. ನಿನ್ನ ಅಂಗಡಿ ಕಾಣುವ ತಿರುವಿನಲ್ಲಿ ನಿಂತೆ. ನೀನು ಕಟ್ಟೆಯ ಮೇಲೆ ಒಬ್ಬಳೇ ಕೂತು ಓಣಿ ನೋಡುತ್ತಿದ್ದೆ. ಇಪ್ಪತ್ತು ಹೆಜ್ಜೆ ಇತ್ತು. ಆಟೋ ಹಿಡಿದು ಆಸ್ಪತ್ರೆಗೆ ವಾಪಸು ಹೋದೆ.

ನಿನ್ನ ಬ್ಯಾನಿಗೆ ಅಂಜಿ ಹೋಗಲಿಲ್ಲ. ನಾನು ಆಡಿದ ಮಾತು ನಡುವೆ ಕೂತಿತ್ತು. ನಿನ್ನ ಹತ್ತಿರ ಬರಬೇಕಾದರೆ ಅದನ್ನು ಎತ್ತಿ ಬಾಯಲ್ಲಿ ಹಾಕಿಕೊಂಡು ನುಂಗಬೇಕಿತ್ತು. ನನಗೆ ಆಗಲಿಲ್ಲ. ಆಮೇಲೆ ಬರೆಯಬೇಡ ಎಂದು ಕಾಗದ ಹಾಕಿದೆ. ನಿನ್ನ ಒಂದೊಂದು ಕಾಗದ ಬಂದಾಗಲೂ ಸಾಲ ತೀರಿಸದವಳಂತೆ ಮುಖ ಮರೆಸಿಕೊಂಡೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ.

ಅಕ್ಟೋಬರ್ ಐದು, ಭಾನುವಾರ, ಕೂಸಿನ ತೊಟ್ಟಿಲು. ಮಳೆ ಎಂದು ಮುಂದಕ್ಕೆ ಹಾಕಿದ್ದೆವು. ಸೌಂದರ್ಯಾ ಬೇರೆಯವರ ಕೈಯಿಂದ ಬಳೆ ಇಡಿಸಿಕೊಳ್ಳಲು ಒಪ್ಪುತ್ತಿಲ್ಲ. ಅಮೀನಾ ಚಿಗವ್ವ ಒಂದು ಬಳಿ ಬಾಕಿ ಇಟ್ಟಾಳ ಅನ್ನುತ್ತಾಳೆ. ಬಾ.

ನಿನ್ನ ನಾಗು


ಕಲಬುರಗಿ
21 ಸೆಪ್ಟೆಂಬರ್ 2025

ನಾಗೂ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಮೊದಲ ಸಲ ಅತ್ತೆ. ಎರಡನೇ ಸಲ ಸಿಟ್ಟು ಬಂತು, ಇನ್ನೂ ಇದೆ. ಇಪ್ಪತ್ತು ಹೆಜ್ಜೆ ದೂರದಿಂದ ನನ್ನನ್ನು ನೋಡಿ ಹೋದೆಯಲ್ಲ. ನೀನು ತಿರುವಿನಲ್ಲಿ ನಿಂತ ಆ ಸಂಜೆ ನಾನು ಯಾರ ದಾರಿ ನೋಡುತ್ತಿದ್ದೆ ಅಂದುಕೊಂಡೆ? ಐದು ತಿಂಗಳು ನಾಗೂ. ನಾನು ಅವನ್ನು ಗುಳಿಗೆಯಂತೆ ಹೊತ್ತು ಹೊತ್ತಿಗೆ ನುಂಗಿದ್ದೇನೆ.

ಬರುತ್ತೇನೆ. ಆದರೆ ಈ ಸಲ ಗುಳಿಗೆ ಮುಚ್ಚಿಡುವುದಿಲ್ಲ, ಎಲ್ಲರ ನಡುವೆ ತಿನ್ನುತ್ತೇನೆ. ನೀರು ನೀನು ತಂದುಕೊಡಬೇಕು. ಆವತ್ತು ಕೇಳಿದ್ದನ್ನು ಎಲ್ಲರೆದುರಿಗೆ ಕೇಳಿದ್ದೆ, ಅದನ್ನು ವಾಪಸು ತೆಗೆದುಕೊಳ್ಳುವುದಾದರೆ ಅಲ್ಲೇ ತೆಗೆದುಕೋ. ಕಾಗದದಲ್ಲಿ ಬೇಡ. ಆಗದಿದ್ದರೆ ಈಗಲೇ ಬರೆ, ಬಸ್ಸಿಗೆ ಹತ್ತುವುದಿಲ್ಲ.

ಅಮೀನಾ


ಕಮಲಾಪುರ
26 ಸೆಪ್ಟೆಂಬರ್ 2025

ಅಮೀನಾ,

ನೀರು ಕಾಯಿಸಿ ಆರಿಸಿ ಇಡುತ್ತೇನೆ. ಆರರ ಬಸ್ಸಿಗೇ ಬಾ. ಬಂದಕೂಡಲೇ ಮೊದಲು ಉಣ್ಣಬೇಕು, ಇಲ್ಲದಿದ್ದರೆ ಬೈಗುಳ ಗ್ಯಾರಂಟಿ.

ನಾಗು


ಕಲಬುರಗಿ
7 ಅಕ್ಟೋಬರ್ 2025

ನಾಗೂ,

ಮೊನ್ನೆ ಅಷ್ಟು ಜನರ ನಡುವೆ ನಿನ್ನ ಜೊತೆ ಮಾತೇ ಆಗಲಿಲ್ಲ. ಈಗ ಫೋನ್ ಎತ್ತುತ್ತೀ, ಆದರೂ ಇದನ್ನು ಬರೆದೇ ಹೇಳಬೇಕು ಅನ್ನಿಸಿತು.

ನೀನು ತಂಬಿಗೆ ಹಿಡಿದು ಪಡಸಾಲೆಯ ನಡುವೆ ಬಂದು ನಿಂತೆ. "ಇಕಿಗೆ ಬ್ಯಾನಿ ಅದ. ಆವತ್ತು ಮನಸ್ಸಿನಾಗ ಏನಿತ್ತಂತ ಕೇಳಿದ್ದೆ, ಅದು ನನ್ನ ತಪ್ಪು" ಎಂದು ನೀನು ಹೇಳಿದೆ. ನಾನು ಗುಳಿಗೆ ಅಗಿಯುವ ಸದ್ದು ಇಡೀ ಮನೆಗೆ ಕೇಳಿಸಿತು. ಎರಡು ವರ್ಷದಲ್ಲಿ ಮೊದಲ ಸಲ ಪರದೆಯಿಲ್ಲದೆ ಗುಳಿಗೆ ತಿಂದೆ.

ಇಷ್ಟಾದ ಮೇಲೆ ಕೈ ಹಿಡಿಯಬಾರದಿತ್ತು. ಕಥೆಯಾಗಿದ್ದರೆ ಹಿಡಿಯುತ್ತಿರಲಿಲ್ಲ. ಆದರೆ ಅದಕ್ಕೆ ಮುಂಚೆ ಎರಡು ದಿನ ನನಗೆ ಭೇದಿಯಾಗಿತ್ತು, ತಿಂದ ಗುಳಿಗೆ ಮೈಗೆ ಹತ್ತಿರಲಿಲ್ಲ, ಮೇಲಾಗಿ ಅಂಜಿಕೆ. ಸೌಂದರ್ಯಾ ಎಡಗೈ ಮುಂದೆ ಚಾಚಿದಳು, ಗಾಯದ ಗೆರೆ ಕಂಡಿತು. ಹಸಿರು ಬಳೆ ಎತ್ತಿಕೊಂಡೆ, ತುಟಿಯಲ್ಲಿ ಇರುವೆ ಹರಿಯತೊಡಗಿತು. ಈ ಸಲ ಅವಳ ಕೈ ಬಿಟ್ಟು ಹಿಂದೆ ಸರಿದು ಬಾಯಿಬಿಟ್ಟು ಹೇಳಿದೆ, "ನನ್ನ ಕೈ ಹಿಡ್ಯಾಕತ್ತದ" ಎಂದು. ಇಷ್ಟು ಹೇಳಲು ನನಗೆ ಎರಡು ವರ್ಷ ಬೇಕಾಯಿತು.

ನೀನು ಇನ್ನೆರಡು ಗುಳಿಗೆ ಬಾಯಿಗಿಟ್ಟೆ, ನೀರು ಕುಡಿಸಿದೆ, ಸೆಟೆದ ಕೈಯನ್ನು ನಿನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಅಂಬಮ್ಮನವರು ಹತ್ತಿರ ಬಂದು ಬಗ್ಗಿ ನೋಡಿ, "ನೋಯ್ತದೇನವ್ವ?" ಎಂದು ಕೇಳಿದರು. ನಿನಗೆ ಗೊತ್ತೇ, ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ರಿಪೋರ್ಟಿನಲ್ಲಿ ಎಷ್ಟು ಬಂದಿದೆ ಎಂದು ಕೇಳುತ್ತಾರೆ. ನೋಯುತ್ತದೆ ಎಂದೆ. ಬಹಳ ನೋಯುತ್ತದೆ ಎಂದೆ.

ಆಗ ನೀನು ನನ್ನ ಬೋಳು ಮುಂಗೈ ನೋಡಿದೆ. ಮಡಿಚಿದ ಬೆರಳು ನೋಡಿದೆ. ನನ್ನ ಮೇ ತಿಂಗಳ ಕಾಗದ ನಿನಗೆ ನೆನಪಾಗಿರಬೇಕು. ನನ್ನ ಮಡಿಲಲ್ಲಿ ಬಿದ್ದಿದ್ದ ಆ ಹಸಿರು ಬಳೆ ಎತ್ತಿ ನನ್ನ ಕೈಗೇ ಏರಿಸಿದೆ. ಸಲೀಸಾಗಿ ಹೋಯಿತು. ಬೆರಳು ಕೂಡಿಸು ಎಂದು ನೀನು ಹೇಳಬೇಕಾಗಲಿಲ್ಲ.

ಅರ್ಧ ತಾಸಿನಲ್ಲಿ ಕೈ ಬಿಚ್ಚಿತು. ಸೌಂದರ್ಯಾಳ ಬಾಕಿ ಬಳೆ ಬೇರೆ ತೆಗೆದು ಇಡಿಸಿದೆ, ಕೂಸಿಗೆ ಕರಿಬಳೆ ಹಾಕಿದೆ. ಸೌಂದರ್ಯಾ ಬಗ್ಗಿ ನಮಸ್ಕಾರ ಮಾಡಿದಾಗ ನನ್ನ ಅಬ್ಬಾ ಏನು ಹರಸುತ್ತಿದ್ದರೋ ಅದನ್ನೇ ಹರಸಿದೆ.

ಬಸ್ಸಿನಲ್ಲಿ ವಾಪಸು ಬರುವಾಗ ಮತ್ತೆ ಒಬ್ಬಳೇ ಆದೆ. ಈ ಬ್ಯಾನಿ ಹೋಗುವುದಿಲ್ಲ ನಾಗೂ, ಅದು ನನಗೆ ಗೊತ್ತು. ನಾಳೆ ರಕ್ತ ಕೊಡಬೇಕು, ಏಳು ಬರುತ್ತದೋ ಎಂಟು ಬರುತ್ತದೋ. ಅಂಗಡಿಯಲ್ಲಿ ಇನ್ನೂ ಯಾರೂ ಕೈ ಚಾಚುವುದಿಲ್ಲ.

ಇಂದು ಸಂಜೆ ಗುಳಿಗೆ ತೆಗೆಯುವಾಗ ಬಳೆ ಡಬ್ಬಿಗೆ ತಾಗಿ ಸದ್ದಾಯಿತು. ಬುರ್ಹಾನುದ್ದೀನ್ ಪೇಪರಿನಿಂದ ತಲೆ ಎತ್ತಿದರು. ಗೋಲಿ ಎಂದು ಬಾಯಿ ತೆರೆದವರು ಅಲ್ಲೇ ನಿಲ್ಲಿಸಿದರು. ನನ್ನ ಕೈಯನ್ನೇ ನೋಡಿ, ಬಳೆ ಯಾರು ಇಡಿಸಿದರು ಎಂದು ಕೇಳಿದರು.

ಹೇಳಲು ಕೂತೆ. ಚಹಾ ಆರಿಹೋಯಿತು.

ನಿನ್ನ ಅಮೀನಾ